ಚೈನಾ ಗ್ರಾಸ್: ಎಳೆ ಕೊಳ್ಳಬೇಕೋ, ಪುಡಿ ಕೊಳ್ಳಬೇಕೋ?

ದಿನಸಿ ಅಂಗಡಿಯಲ್ಲಿ ಶಾವಿಗೆ, ಸಬ್ಬಕ್ಕಿ, ಕಸ್ಟರ್ಡ್ ಪುಡಿಗಳ ಪಕ್ಕದಲ್ಲಿ ಹತ್ತು ಗ್ರಾಂನ ಪೊಟ್ಟಣವೊಂದು ನೇತಾಡುತ್ತಿರುತ್ತದೆ. ಒಳಗೆ ಒಣಗಿದ, ಬೆಳ್ಳಗಿನ, ತೂಕವೇ ಇಲ್ಲದಂಥ ಎಳೆಗಳು. ಅದೇ ಚೈನಾ ಗ್ರಾಸ್, ಅಂದರೆ ಅಗರ್ ಅಗರ್. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲಲ್ಲ. ಕಡಲಿನ ಕೆಂಪು ಪಾಚಿಯನ್ನು ಕುದಿಸಿ, ಸೋಸಿ, ಹೆಪ್ಪುಗಟ್ಟಿಸಿ, ಒಣಗಿಸಿದ ಅಂಟು. ಈಗ ಇದರ ಜೊತೆಗೆ ಪುಡಿ, ಬಣ್ಣ ಬೆರೆಸಿದ ಜೆಲ್ಲಿ ಮಿಕ್ಸ್, ಆನ್‌ಲೈನ್‌ನಲ್ಲಿ ಸಿಗುವ ‘ಸೀ ಮಾಸ್’ ಎಂಬ ಒಣ ಪಾಚಿ ಎಲ್ಲವೂ ಬಂದಿವೆ. ನಾಲ್ಕೂ ಮಾಡುವುದು ಒಂದೇ ಕೆಲಸ ಎಂದುಕೊಂಡು ಕೊಂಡವರಿಗೆ ಪುಡಿಂಗ್ ಒಮ್ಮೆ ರಬ್ಬರಾಗುತ್ತದೆ, ಒಮ್ಮೆ ಪಾಯಸವಾಗುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅಳತೆ ತಪ್ಪಬಾರದು, ಹಣ್ಣಿನ ರಸದಲ್ಲಿ ಮಾಡಬೇಕು, ಪದರ ಪದರವಾಗಿ ಹಾಕಬೇಕು ಎನ್ನುವವರಿಗೆ ಪುಡಿ. ವರ್ಷಕ್ಕೆ ನಾಲ್ಕಾರು ಸಲ, ರಂಜಾನಿಗೋ ಮಕ್ಕಳ ಹುಟ್ಟುಹಬ್ಬಕ್ಕೋ ಹಾಲಿನ ಪುಡಿಂಗ್ ಮಾಡುವವರಿಗೆ ಎಳೆ ಸಾಕು, ಅದೇ ಒಳ್ಳೆಯದು ಕೂಡ. ಜೆಲ್ಲಿ ಮಿಕ್ಸ್ ಬೇರೆಯೇ ಸಾಮಾನು. ಸೀ ಮಾಸ್ ಈ ಕೆಲಸಕ್ಕೆ ಬೇಡವೇ ಬೇಡ.

ಎಳೆಯ ವಿಚಾರ. ಒಳ್ಳೆಯ ಎಳೆ ಕೆನೆಬಿಳಿ ಬಣ್ಣದ್ದು, ಬೆಳಕಿಗೆ ಹಿಡಿದರೆ ಅರೆಪಾರದರ್ಶಕ. ಮುರಿದರೆ ಪಟ್ಟೆಂದು ಮುರಿಯುವುದಿಲ್ಲ, ಸ್ವಲ್ಪ ಬಾಗಿ ಮುರಿಯುತ್ತದೆ. ಹಳದಿ ಅಥವಾ ಕಂದು ಛಾಯೆ ಇದ್ದರೆ ಹಳೆಯ ಸರಕು, ಇಲ್ಲವೇ ಸರಿಯಾಗಿ ತೊಳೆಯದ ಪಾಚಿಯಿಂದ ತೆಗೆದದ್ದು. ಸುಣ್ಣದ ಹಾಗೆ ಅತಿ ಬಿಳುಪಾಗಿದ್ದು, ಪೊಟ್ಟಣ ತೆರೆದಾಗ ಬ್ಲೀಚಿನ ವಾಸನೆ ಮೂಗಿಗೆ ಬಡಿದರೆ ಅದನ್ನೂ ಬಿಡಿ. ನೆನೆಸಿದ ನೀರು ತಿಳಿಯಾಗಿಯೇ ಉಳಿಯಬೇಕು. ನೀರು ಕಲಕಿದರೆ, ತಳದಲ್ಲಿ ಮರಳು ಕೂತರೆ, ಮೀನಿನ ವಾಸನೆ ಬಂದರೆ ಆ ಸರಕನ್ನು ಹಾಲಿಗೆ ಹಾಕಬೇಡಿ. ಏಲಕ್ಕಿಯಾಗಲಿ ಗುಲಾಬಿ ನೀರಾಗಲಿ ಆ ವಾಸನೆಯನ್ನು ಮುಚ್ಚುವುದಿಲ್ಲ.

ಎಳೆಯ ದೊಡ್ಡ ತೊಂದರೆ ಕರಗುವುದರಲ್ಲಿದೆ. ಅಗರ್ ಕರಗಲು 85 ಡಿಗ್ರಿ ದಾಟಲೇಬೇಕು. ಅಂದರೆ ಬಿಸಿ ಮಾಡಿದರೆ ಸಾಲದು, ಕುದಿಯಬೇಕು. 10 ಗ್ರಾಂ ಎಳೆಯನ್ನು ಕತ್ತರಿಯಿಂದ ಎರಡು ಅಂಗುಲದ ತುಂಡು ಮಾಡಿ, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, 300 ಮಿಲಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಸಿ. ಸೌಟಿನಲ್ಲಿ ಎತ್ತಿ ನೋಡಿದಾಗ ಎಳೆಯಾಗಲಿ, ಗಾಜಿನಂಥ ಚೂರಾಗಲಿ ಕಾಣಬಾರದು. ಆಮೇಲೆ ಟೀ ಸೋಸುವ ಜಾಲರಿಯಲ್ಲಿ ಸೋಸಿಕೊಳ್ಳಿ. ಎಷ್ಟೇ ಕುದಿಸಿದರೂ ಎಳೆಯಲ್ಲಿ ಒಂದಿಷ್ಟು ಕರಗದೆ ಉಳಿಯುತ್ತದೆ.

ನೇರವಾಗಿ ಹಾಲಿಗೇ ಹಾಕಿ ಕುದಿಸುವ ರೂಢಿ ಬಹಳ ಮನೆಗಳಲ್ಲಿದೆ. ಅದು ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ ಹಾಲಿನಲ್ಲಿ ಎಳೆ ಕಾಣುವುದಿಲ್ಲ, ಕರಗಿತೋ ಇಲ್ಲವೋ ಗೊತ್ತಾಗುವುದಿಲ್ಲ, ಅಷ್ಟು ಹೊತ್ತು ಕುದಿಸುವಷ್ಟರಲ್ಲಿ ಹಾಲು ತಳ ಹಿಡಿಯುತ್ತದೆ. ಬೇರೆ ಪಾತ್ರೆಯಲ್ಲಿ ನೀರಲ್ಲಿ ಕರಗಿಸಿಕೊಂಡು, ಇನ್ನೊಂದು ಒಲೆಯಲ್ಲಿ ಕುದಿದು ಆರುತ್ತಿರುವ 700 ಮಿಲಿ ಹಾಲಿಗೆ ಸೋಸಿ ಸುರಿಯುವುದೇ ಸರಿ. ಎರಡೂ ಬಿಸಿಯಿರಬೇಕು. ಅಗರ್ 35ರಿಂದ 40 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ತೆಗೆದ ಹಾಲಿಗೋ ಮಾವಿನ ತಿರುಳಿಗೋ ಸುರಿದರೆ ಮುಟ್ಟಿದ ಜಾಗದಲ್ಲೇ ದಾರದಾರವಾಗಿ ಹೆಪ್ಪುಗಟ್ಟಿಬಿಡುತ್ತದೆ. ‘ಹಾಲು ಒಡೆಯಿತು’ ಎಂದು ಚೆಲ್ಲುವ ಪುಡಿಂಗ್‌ಗಳಲ್ಲಿ ಹಲವು ಒಡೆದೇ ಇರುವುದಿಲ್ಲ, ಇಷ್ಟೇ ಆಗಿರುತ್ತದೆ. ಚೆಲ್ಲಬೇಡಿ, ಕಲಕುತ್ತಾ ಮತ್ತೆ ಕುದಿ ಬರಿಸಿದರೆ ಕರಗುತ್ತದೆ. ಹುಳಿ ಹಾಕದ ಅಗರ್ ಅನ್ನು ಎರಡು ಮೂರು ಸಲ ಕರಗಿಸಿ ಗಟ್ಟಿ ಮಾಡಿದರೂ ತೊಂದರೆಯಿಲ್ಲ.

ಈ ಅಳತೆಗೆ 100 ಗ್ರಾಂ ಸಕ್ಕರೆ ಹಾಕಿದರೆ ಚಮಚಕ್ಕೆ ಮೆತ್ತಗೆ ಸಿಗುವ ಪುಡಿಂಗ್ ಬರುತ್ತದೆ. ವಜ್ರಾಕಾರದಲ್ಲಿ ಕತ್ತರಿಸಿ ತಟ್ಟೆಯಲ್ಲಿ ಜೋಡಿಸಬೇಕಾದರೆ ಹಾಲನ್ನು 400 ಮಿಲಿಗೆ ಇಳಿಸಿ. ಹಾಲುಬಾಯಿಯ ಹಾಗೆ ಎಳೆದರೆ ಹಿಗ್ಗುವ ತುಂಡು ಬೇಕೆಂದು ಚೈನಾ ಗ್ರಾಸ್ ಹೆಚ್ಚು ಹಾಕುವವರಿದ್ದಾರೆ. ಆ ಹದ ಅಗರ್‌ನಿಂದ ಬರುವುದೇ ಇಲ್ಲ. ಇದರ ಗುಣವೇ ಬಿರುಸು, ಹೆಚ್ಚು ಹಾಕಿದಷ್ಟೂ ಹುಡಿಯಾಗಿ ಮುರಿಯುತ್ತದೆ.

ಪುಡಿಯ ಶಕ್ತಿ ತೂಕಕ್ಕೆ ತೂಕ ಎಳೆಗಿಂತ ಸರಿಸುಮಾರು ಎರಡರಷ್ಟು. ಎಳೆಯಲ್ಲಿ ತೇವಾಂಶ ಜಾಸ್ತಿ, ಪೂರ್ತಿ ಕರಗುವುದೂ ಕಡಿಮೆ. ಆದ್ದರಿಂದ ಎಳೆಯ ಪಾಕವಿಧಾನಕ್ಕೆ ಅಷ್ಟೇ ತೂಕದ ಪುಡಿ ಹಾಕಿದರೆ ಚಾಕುವೇ ಬೇಕಾದಂಥ ಇಟ್ಟಿಗೆ ಸಿಗುತ್ತದೆ. ಪುಡಿ ಕೆಟ್ಟದ್ದು ಎಂದು ಒಂದು ನಕ್ಷತ್ರ ಕೊಡುವವರು ಮೊದಲು ಇದನ್ನು ನೋಡಿಕೊಳ್ಳಬೇಕು. ನೂರು ಮಿಲಿ ದ್ರವಕ್ಕೆ ಅರ್ಧ ಗ್ರಾಂ ಹಾಕಿದರೆ ಅಲುಗಾಡುವ ಮೆದು, ಮುಕ್ಕಾಲು ಗ್ರಾಂ ಹಾಕಿದರೆ ಬಟ್ಟಲಿನಿಂದ ಮಗುಚಿದರೂ ನಿಲ್ಲುವ ಹದ, ಒಂದು ಗ್ರಾಂ ಹಾಕಿದರೆ ಕತ್ತರಿಸುವ ಹದ. ಒಂದೂವರೆಯ ಮೇಲೆ ಹೋದರೆ ತಿನ್ನಲು ಹಿತವಿಲ್ಲ.

ಟೀ ಚಮಚದ ಲೆಕ್ಕ ನಂಬಬೇಡಿ. ಪುಡಿ ಎಷ್ಟು ನುಣುಪು, ಎಷ್ಟು ಒತ್ತಿ ತುಂಬಿದೆ ಎಂಬುದರ ಮೇಲೆ ಒಂದು ಮಟ್ಟಸ ಚಮಚ 2 ಗ್ರಾಂ ಆಗಬಹುದು, 3 ಕೂಡ ಆಗಬಹುದು. ಅರ್ಧ ಲೀಟರಿಗೆ ಆ ಒಂದು ಗ್ರಾಂ ವ್ಯತ್ಯಾಸವೇ ಮೆದುವಿನಿಂದ ಗಟ್ಟಿಗೆ ಒಯ್ಯುತ್ತದೆ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದವರಿಗೆ ಮಾತ್ರ ಪುಡಿಯ ನಿಜವಾದ ಲಾಭ.

ಪುಡಿಯನ್ನು ಬಿಸಿನೀರಿಗೆ ಸುರಿದರೆ ಹೊರಗೆ ಅಂಟು, ಒಳಗೆ ಒಣ ಹಿಟ್ಟು ಇರುವ ಗಂಟುಗಳಾಗುತ್ತವೆ. ಅವು ಮತ್ತೆ ಬಿಡುವುದಿಲ್ಲ. ತಣ್ಣೀರಿನ ಮೇಲೆ ಉದುರಿಸಿ, ಐದು ನಿಮಿಷ ಬಿಟ್ಟು, ಕಲಕುತ್ತಾ ಕುದಿಗೆ ತನ್ನಿ. ಕುದಿ ಬಂದ ಮೇಲೆ ಎರಡು ಮೂರು ನಿಮಿಷ ಸಾಕು. ಸಕ್ಕರೆಯನ್ನು ಪುಡಿಯ ಜೊತೆ ಒಣಗಿರುವಾಗಲೇ ಬೆರೆಸಿ ಉದುರಿಸಿದರೆ ಗಂಟು ಇನ್ನೂ ಕಡಿಮೆ.

ಹುಳಿ ವಿಷಯದಲ್ಲಿ ಎಳೆಯೂ ಒಂದೇ ಪುಡಿಯೂ ಒಂದೇ: ಹುಳಿಯಲ್ಲಿ ಕುದಿಸಿದರೆ ಅಗರ್ ಸಾಯುತ್ತದೆ. ಅದರ ಉದ್ದನೆಯ ಸಕ್ಕರೆ ಸರಪಳಿಗಳು ಆಮ್ಲ ಮತ್ತು ಶಾಖ ಸೇರಿದಾಗ ತುಂಡಾಗುತ್ತವೆ. ಮತ್ತೆ ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗದು. ಪುನರ್ಪುಳಿ, ನಿಂಬೆ, ಹುಣಸೆ, ಪ್ಯಾಷನ್ ಫ್ರೂಟ್ ಎಲ್ಲಕ್ಕೂ ಇದೇ ನಿಯಮ. ಅರ್ಧ ಲೀಟರ್ ಪುನರ್ಪುಳಿ ಜೆಲ್ಲಿಗೆ 6 ಗ್ರಾಂ ಪುಡಿಯನ್ನು 300 ಮಿಲಿ ನೀರು ಮತ್ತು ಸಕ್ಕರೆಯಲ್ಲಿ ಕುದಿಸಿ, ಒಲೆ ಆರಿಸಿ, ಐದು ನಿಮಿಷ ಬಿಟ್ಟು, ಉಗುರುಬೆಚ್ಚಗೆ ಮಾಡಿಟ್ಟ 200 ಮಿಲಿ ದಟ್ಟ ಪುನರ್ಪುಳಿ ರಸ ಸೇರಿಸಿ. ಮಾಮೂಲಿಗಿಂತ ಒಂದು ಗ್ರಾಂ ಹೆಚ್ಚು ಹಾಕಿರುವುದು ಹುಳಿಗಾಗಿಯೇ. ಗಟ್ಟಿಯಾಗದ ಹುಳಿ ಜೆಲ್ಲಿಯನ್ನು ಮತ್ತೆ ಕುದಿಸಿ ಸರಿಪಡಿಸಲು ಹೋಗಬೇಡಿ, ಇನ್ನಷ್ಟು ಹಾಳಾಗುತ್ತದೆ. ಬೇರೆ ನೀರಿನಲ್ಲಿ ಹೊಸ ಪುಡಿ ಕರಗಿಸಿ ಸೇರಿಸುವುದೊಂದೇ ದಾರಿ.

ಎಳನೀರಿನದು ಬೇರೆ ಸಮಸ್ಯೆ. ಕುದಿಸಿದರೆ ಗಟ್ಟಿಯೇನೋ ಆಗುತ್ತದೆ, ಎಳನೀರಿನ ರುಚಿ ಮಾತ್ರ ಹೋಗುತ್ತದೆ. 6 ಗ್ರಾಂ ಪುಡಿಯನ್ನು 150 ಮಿಲಿ ನೀರಲ್ಲಿ ಕುದಿಸಿ, 45 ಡಿಗ್ರಿಯಷ್ಟು, ಎಂದರೆ ಬೆರಳಿಗೆ ಬಿಸಿ ತಾಗಿದರೂ ಇಟ್ಟುಕೊಳ್ಳಬಹುದಾದಷ್ಟು ಬೆಚ್ಚಗಾದ 600 ಮಿಲಿ ಎಳನೀರಿಗೆ ಸುರಿದು ಬೇಗ ಕಲಕಿ. ಬೆರಕೆ 55 ಡಿಗ್ರಿ ಸುತ್ತ ನಿಲ್ಲುತ್ತದೆ, ಅಚ್ಚಿಗೆ ಸುರಿಯಲು ಸಮಯ ಸಿಗುತ್ತದೆ. ಗಂಜಿ ಕಾಯಿಯ ತುಂಡು ಹಾಕುವುದಿದ್ದರೆ ಅಂಚು ಗಟ್ಟಿಯಾಗತೊಡಗಿದ ಮೇಲೆ ಹಾಕಿ, ಇಲ್ಲವಾದರೆ ಎಲ್ಲವೂ ಒಂದೇ ಕಡೆ ಸೇರಿಕೊಳ್ಳುತ್ತದೆ.

ಜೆಲಟಿನ್ ಜೊತೆ ಹೋಲಿಕೆ ಬರದೆ ಇರದು. ಜೆಲಟಿನ್ ದನ, ಹಂದಿ, ಮೀನುಗಳ ಎಲುಬು ಚರ್ಮದಿಂದ ಬರುವ ಪ್ರೋಟೀನು, ಬಾಯಿಯ ಬಿಸಿಗೇ ಕರಗುತ್ತದೆ. ಆ ನವಿರು ಅಗರ್‌ಗೆ ಎಂದೂ ಬರುವುದಿಲ್ಲ, ಒಪ್ಪಿಕೊಳ್ಳಬೇಕು. ಆದರೆ ಹಸಿ ಅನಾನಸ್, ಪಪ್ಪಾಯಿಗಳಲ್ಲಿರುವ ಕಿಣ್ವ ಜೆಲಟಿನ್ನನ್ನು ಕತ್ತರಿಸಿ ನೀರು ಮಾಡುತ್ತದೆ. ಅಗರ್ ಪ್ರೋಟೀನಲ್ಲವಾದ್ದರಿಂದ ಅದಕ್ಕೇನೂ ಆಗುವುದಿಲ್ಲ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಫ್ರಿಜ್‌ನಿಂದ ಹೊರಗಿಟ್ಟರೂ ಕರಗುವುದಿಲ್ಲ. ಸೂಕ್ಷ್ಮಜೀವಿ ವಿಜ್ಞಾನ ಅಗರ್‌ನ ಹಿಂದೆ ಬಿದ್ದದ್ದೂ ಈ ಗುಣಕ್ಕಾಗಿಯೇ. 1880ರ ದಶಕದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ 37 ಡಿಗ್ರಿಯಲ್ಲಿ ಕರಗಿಹೋಗುತ್ತಿತ್ತು. ಹಣ್ಣಿನ ಜೆಲ್ಲಿಗೆ ಅಗರ್ ಬಳಸಿ ಗೊತ್ತಿದ್ದ, ಅಲ್ಲಿನ ಸಂಶೋಧಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ ಅದನ್ನು ಸೂಚಿಸಿದರು. ಇಂದಿಗೂ ಪ್ರಯೋಗಾಲಯದ ತಟ್ಟೆಗಳಲ್ಲಿ ಇರುವುದು ಅದೇ. ಹಾಗೆಂದು ರಾಸಾಯನಿಕ ಅಂಗಡಿಯ ಬ್ಯಾಕ್ಟೀರಿಯಾ ದರ್ಜೆಯ ಅಗರ್ ತಂದು ಅಡುಗೆಗೆ ಹಾಕಬೇಡಿ. ಅದು ಆಹಾರದ ಪರವಾನಗಿಯಡಿ ತಯಾರಾದದ್ದಲ್ಲ.

ಪದರದ ಪುಡಿಂಗ್‌ನಲ್ಲಿ ಮೇಲಿನದ್ದು ಜಾರಿ ಬೀಳುತ್ತದೆ ಎಂಬ ದೂರು ಹಳೆಯದು. ಕೆಳಗಿನ ಪದರ ಪೂರ್ತಿ ಗಟ್ಟಿಯಾಗಿ ಮೇಲೆ ನೀರು ಬಿಟ್ಟಮೇಲೆ ಸುರಿದರೆ ಜಾರದೆ ಇನ್ನೇನು? ಕೆನೆ ಕಟ್ಟಿ ಬೆರಳಿಗೆ ಇನ್ನೂ ಅಂಟುವ ಹೊತ್ತಿಗೆ, 55 ಡಿಗ್ರಿ ಆಸುಪಾಸಿನ ಮುಂದಿನ ಪದರವನ್ನು ಚಮಚದ ಬೆನ್ನಿನ ಮೇಲಿಂದ ಸುರಿಯಿರಿ. ಇನ್ನೂ ಬಿಸಿಯಿದ್ದರೆ ಕೆಳಗಿನದನ್ನು ತೂತು ಮಾಡುತ್ತದೆ. ಗಡ್‌ಬಡ್‌ಗೆ ಮನೆಯಲ್ಲೇ ಜೆಲ್ಲಿ ಮಾಡುವವರು ಒಂದು ಪ್ರತಿಶತದ ಗಟ್ಟಿ ಹದಕ್ಕೆ ಮಾಡಿ, ಬಡಿಸುವ ಹೊತ್ತಿಗೆ ತುಂಡರಿಸಿ. ಐಸ್ ಕ್ರೀಮ್ ಜೊತೆ ಫ್ರೀಜರಿನಲ್ಲಿಟ್ಟರೆ ನೀರು ಹರಳಾಗಿ ಜೆಲ್ಲಿಯ ಬಲೆಯನ್ನು ಹರಿಯುತ್ತದೆ. ಕರಗಿದ ಮೇಲೆ ಕೈಯಲ್ಲಿ ಉಳಿಯುವುದು ಸ್ಪಂಜು. ತಮಾಷೆಯೆಂದರೆ ಎಳೆ ತಯಾರಾಗುವುದೇ ಈ ದೋಷದಿಂದ. ಗಟ್ಟಿಯಾದ ಅಗರ್ ಅನ್ನು ಹಿಮಗಟ್ಟಿಸಿ, ಕರಗಿಸಿ, ನೀರು ಬಸಿದು ಒಣಗಿಸುತ್ತಾರೆ. ಜಪಾನಿನಲ್ಲಿ ಚಳಿಗಾಲದ ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ ಮಾಡುತ್ತಿದ್ದ ಕೆಲಸವದು.

ಮರುದಿನ ಬಟ್ಟಲಿನ ಅಂಚಿನಲ್ಲಿ ನೀರು ನಿಂತಿದ್ದರೆ ಗಾಬರಿ ಬೇಡ, ಅಗರ್ ನೀರು ಬಿಡುವುದು ಸಹಜ. ಕತ್ತರಿಸಿದ ಮೇಲೆ ಇನ್ನೂ ಬೇಗ ಬಿಡುತ್ತದೆ. ಸಕ್ಕರೆ ಹೆಚ್ಚಿದ್ದರೆ ಕಡಿಮೆ.

ಕಲಬೆರಕೆ ಪರೀಕ್ಷೆಗೆ ಬರೋಣ. ಪುಡಿಯಲ್ಲಿ ಜೋಳದ ಹಿಟ್ಟು ಬೆರೆಸಿದ್ದಾರೋ ನೋಡಲು ಅಯೋಡಿನ್ ಹಾಕಿ ಎಂಬ ಸಲಹೆ ಹರಿದಾಡುತ್ತಿದೆ. ಒಣ ಪುಡಿಯ ಮೇಲೇ ಹನಿಸಬೇಡಿ. ಶುದ್ಧ ಅಗರ್‌ನ ಕಣಗಳೂ ಅಯೋಡಿನ್‌ಗೆ ನೀಲಿಗಪ್ಪು, ನೇರಳೆ ಬಣ್ಣ ತಾಳುತ್ತವೆ. ಸರಿಯಾದ ಕ್ರಮ ಇದು: ಚಿಟಿಕೆಯಷ್ಟು, ಸುಮಾರು 0.1 ಗ್ರಾಂ ಪುಡಿಯನ್ನು 100 ಮಿಲಿ ನೀರಿನಲ್ಲಿ ಕುದಿಸಿ, ಪೂರ್ತಿ ತಣಿಸಿ, ಆಮೇಲೆ ಒಂದು ಹನಿ ಅಯೋಡಿನ್ ಹಾಕಿ. ನೀಲಿ ಬಂದರೆ ಪಿಷ್ಟವಿದೆ. ಜೆಲಟಿನ್ ಅಥವಾ ಬೇರೆ ಅಂಟನ್ನು ಅಗರ್ ಎಂದು ಮಾರಿದ ಅನುಮಾನವಿದ್ದರೆ ಇನ್ನೂ ಸುಲಭ. 1 ಗ್ರಾಂ ಪುಡಿಯನ್ನು 100 ಮಿಲಿ ನೀರಲ್ಲಿ ಕುದಿಸಿ ಗಟ್ಟಿ ಮಾಡಿ, ಒಂದು ತುಂಡು ಕತ್ತರಿಸಿ 70 ಡಿಗ್ರಿಯ ನೀರಿಗೆ ಬಿಡಿ. ಅಗರ್ ಆದರೆ ಹಾಗೇ ಇರುತ್ತದೆ. ಜೆಲಟಿನ್ ಆದರೆ ಮಾಯ. ಇದೇ ತುಂಡನ್ನು ಬೆರಳಲ್ಲಿ ಒತ್ತಿದಾಗ ಸ್ವಲ್ಪ ತಡೆದು ಚೊಕ್ಕವಾಗಿ ಬಿರಿದರೆ ಒಳ್ಳೆಯ ಸರಕು. ಅಂಟಂಟಾಗಿ ಕುಸಿದರೆ ದುರ್ಬಲ ಸರಕು, ಆ ಪೊಟ್ಟಣಕ್ಕೆ ಅಳತೆ ಒಂದೂವರೆ ಪಟ್ಟು ಮಾಡಬೇಕಾಗುತ್ತದೆ. ಹಾಗಾಗಿ ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ ಹೋಲಿಸಬೇಡಿ. ಒಂದು ಪೊಟ್ಟಣ ಎಷ್ಟು ಲೀಟರ್ ಹಾಲನ್ನು ನಿಲ್ಲಿಸುತ್ತದೆ ಎಂದು ನೋಡಿ ಬೆಲೆ ಭಾಗಿಸಿ. ಅಗ್ಗದ ಪುಡಿ ಆಗಾಗ ದುಬಾರಿಯಾಗುವುದು ಅಲ್ಲೇ.

ಶಕ್ತಿಯ ಈ ವ್ಯತ್ಯಾಸ ಶುರುವಾಗುವುದು ಕಡಲಿನಲ್ಲಿ. ಭಾರತದ ಅಗರ್‌ಗೆ ಮುಖ್ಯವಾಗಿ ಎರಡು ಪಾಚಿ. ಒಂದು ಜೆಲಿಡಿಯೆಲ್ಲಾ ಅಸೆರೋಸಾ, ತಮಿಳುನಾಡಿನ ರಾಮನಾಥಪುರದ ಕಡಲತೀರದವರ ಬಾಯಲ್ಲಿ ‘ಮರಿಕೊಳುಂದು’. ಇದರ ಅಗರ್ ಗಟ್ಟಿ, ಬಿರುಸು. ಇನ್ನೊಂದು ಗ್ರಾಸಿಲೇರಿಯಾ ಎಡುಲಿಸ್, ‘ಕಂಜಿ ಪಾಸಿ’. ಹೆಸರೇ ಹೇಳುವಂತೆ ಆ ತೀರದಲ್ಲಿ ಇದರಿಂದ ಗಂಜಿ ಮಾಡುವುದೂ ಉಂಟು. ಗ್ರಾಸಿಲೇರಿಯಾದಲ್ಲಿ ಸಲ್ಫೇಟ್ ಹೆಚ್ಚಿರುವುದರಿಂದ ಹಾಗೆಯೇ ಕುದಿಸಿ ತೆಗೆದ ಅಗರ್ ಮೆತ್ತಗಿರುತ್ತದೆ. ಕಾರ್ಖಾನೆಯಲ್ಲಿ ಮೊದಲು ಬಿಸಿ ಕ್ಷಾರದಲ್ಲಿ ಸಂಸ್ಕರಿಸಿ, ತೊಳೆದು, ಆಮೇಲೆ ಅಗರ್ ತೆಗೆದರೆ ಗಟ್ಟಿತನ ಬರುತ್ತದೆ. ಈ ಹಂತದಲ್ಲಿ ಕೈಬಿಗಿ ಹಿಡಿದ ಸರಕೇ ನಮಗೆ ಬೆರಳಲ್ಲಿ ಕುಸಿಯುವ ಪುಡಿಯಾಗಿ ಬರುತ್ತದೆ.

ಜೆಲಿಡಿಯೆಲ್ಲಾವನ್ನು ಕೊಯ್ಯುವುದು ಕೈಯಲ್ಲೇ. ಮನ್ನಾರ್ ಕೊಲ್ಲಿಯಲ್ಲಿ ಮಂಡಪಂ, ಪಾಂಬನ್, ರಾಮೇಶ್ವರಂ ಕಡೆಯ ಮೀನುಗಾರ ಹೆಂಗಸರು ಈಜುಗನ್ನಡಕ ಹಾಕಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಸತ್ತ ಹವಳದ ಕಲ್ಲುಗಳಿಗೆ ಅಂಟಿದ ಪಾಚಿಯನ್ನು ಮುಳುಗಿ ಮುಳುಗಿ ಕೀಳುತ್ತಾರೆ. ಬುಡದ ಹಿಡಿತ ಕಲ್ಲಿನಲ್ಲೇ ಉಳಿದರೆ ಮತ್ತೆ ಚಿಗುರುತ್ತದೆ. ಕೆರೆದು ತೆಗೆದರೆ ಇಲ್ಲ, ಜೊತೆಗೆ ಹವಳವೂ ಹಾಳು. ಇಲ್ಲಿನ 21 ದ್ವೀಪಗಳು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾದ ಮೇಲೆ ದ್ವೀಪಗಳ ಸುತ್ತ ಕೊಯ್ಲಿಗೆ ತಡೆ ಬಿತ್ತು. ಅರಣ್ಯ ಇಲಾಖೆಯೊಂದಿಗೆ ಜಟಾಪಟಿ ವರ್ಷಗಟ್ಟಲೆ ನಡೆಯಿತು. ಹೆಂಗಸರೇ ಸಂಘ ಕಟ್ಟಿ ತಿಂಗಳಿಗೆ 12 ದಿನ ಮಾತ್ರ ಕೊಯ್ಯುವ ಕಟ್ಟುಪಾಡು ಹಾಕಿಕೊಂಡರು. ಅವರ ಮುಂದಾಳು ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು.

ಕೊಯ್ದ ಪಾಚಿಯನ್ನು ತೀರದ ಮರಳಿನ ಮೇಲೇ ಹರಡಿ ಒಣಗಿಸುವುದು ರೂಢಿ. ನೆನೆಸಿದ ನೀರಿನ ತಳದಲ್ಲಿ ಮರಳು ಕಂಡರೆ ಅದರ ಮೂಲ ಇಲ್ಲಿದೆ. ಒಳ್ಳೆಯ ಕಾರ್ಖಾನೆ ತೊಳೆದು, ಬಿಸಿಯಿರುವಾಗಲೇ ಸೋಸುತ್ತದೆ. ಮಾರುವ ಪೊಟ್ಟಣದ ಮೇಲೆ ಯಾವ ಪಾಚಿ, ಯಾವ ತೀರ ಎಂದು ಬರೆದಿರುವುದು ಅಪರೂಪ. ಎಷ್ಟೋ ಪೊಟ್ಟಣಗಳು ಆಮದು ಅಗರ್ ಅನ್ನು ಇಲ್ಲಿ ಚೀಲಕ್ಕೆ ತುಂಬಿದವು. ಇದಕ್ಕೆ ನಾವು ಅಂಕ ಕಳೆಯುತ್ತೇವೆ. ಕಾಫಿಪುಡಿಗೆ ಎಸ್ಟೇಟಿನ ಹೆಸರು ಬರೆಯುವವರು ಇದಕ್ಕೆ ಕಡಲಿನ ಹೆಸರನ್ನಾದರೂ ಬರೆಯಬಹುದು. ಸದ್ಯಕ್ಕೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಿಸಿದ ತಿಂಗಳು, ಪದಾರ್ಥದ ಪಟ್ಟಿಯಲ್ಲಿ ಅಗರ್ ಅಥವಾ ಅದರ ಸಂಕೇತ ಸಂಖ್ಯೆ ಐಎನ್‌ಎಸ್ 406 ಎಂಬುದಷ್ಟೇ ಇದೆಯೇ ಎಂದು ನೋಡಿಕೊಳ್ಳಿ.

ನಮ್ಮ ಕರಾವಳಿಯಲ್ಲೂ ಕಾರವಾರ, ಭಟ್ಕಳ, ಮಲ್ಪೆಯ ಬಂಡೆಗಳ ಮೇಲೆ ಗ್ರಾಸಿಲೇರಿಯಾ ಜಾತಿಯ ಪಾಚಿ ಕಾಣುತ್ತದೆ. ಇಳಿತದ ಹೊತ್ತಿಗೆ ಹೋಗಿ ತಂದು ಮನೆಯಲ್ಲೇ ಚೈನಾ ಗ್ರಾಸ್ ಮಾಡೋಣ ಎಂಬ ಉಮೇದು ಬಂದರೆ, ಕ್ಷಾರದ ಹಂತವಿಲ್ಲದೆ ಬರುವುದು ಮೆತ್ತನೆಯ ಗಂಜಿಯೇ ಎಂದು ತಿಳಿದಿರಿ. ಬಂದರು, ನದಿಮುಖ, ಚರಂಡಿ ಸೇರುವ ಜಾಗದ ಪಾಚಿಯನ್ನಂತೂ ತಿನ್ನಲೇಬಾರದು. ಪಾಚಿ ಭಾರಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ, ಅವು ಕುದಿಸಿದರೆ ಹೋಗುವುದಿಲ್ಲ.

ಜೆಲ್ಲಿ ಮಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕ್ಕರೆ, ಬಣ್ಣ, ಹುಳಿ ಮತ್ತು ಸಾಮಾನ್ಯವಾಗಿ ಐಎನ್‌ಎಸ್ 407, ಅಂದರೆ ಕ್ಯಾರಗೀನನ್. ಅದು ಬೇರೆ ಪಾಚಿಯ ಅಂಟು. ಮಕ್ಕಳಿಗೆ ಇಷ್ಟ, ಕೈ ಕೆಡುವುದಿಲ್ಲ. ಹಸಿರು ಚುಕ್ಕಿ ಇದೆಯೇ ನೋಡಿಕೊಂಡು ಕೊಳ್ಳಿ.

ಸೀ ಮಾಸ್ ಮಾತ್ರ ಎಚ್ಚರಿಕೆ ಬೇಡುತ್ತದೆ. ಈ ಹೆಸರಿನ ನಿಜವಾದ ಐರಿಶ್ ಮಾಸ್, ಕಾಂಡ್ರಸ್ ಕ್ರಿಸ್ಪಸ್, ಉತ್ತರ ಅಟ್ಲಾಂಟಿಕ್ ತೀರದ್ದು. ಇಲ್ಲಿ ಆ ಹೆಸರಲ್ಲಿ ಸಿಗುವ ದಪ್ಪ, ಹಳದಿ, ಕೊಂಬೆಕೊಂಬೆಯ ಪಾಚಿ ಹಲವು ಸಲ ಕಪ್ಪಾಫೈಕಸ್. ಅದು ಫಿಲಿಪ್ಪೀನ್ಸ್ ಮೂಲದ್ದು, ತಮಿಳುನಾಡಿನ ತೀರದಲ್ಲಿ ತೆಪ್ಪಗಳಿಗೆ ಕಟ್ಟಿ ಬೆಳೆಸುವಂಥದ್ದು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿ ತೊಂದರೆ ಕೊಟ್ಟದ್ದೂ ಇದೇ. ಅದರಿಂದ ಬರುವುದು ಕ್ಯಾರಗೀನನ್, ಅಗರ್ ಅಲ್ಲ. ಹನ್ನೆರಡು ಗಂಟೆ ನೆನೆಸಿ ರುಬ್ಬಿದರೆ ಲೋಳೆ ಸಿಗುತ್ತದೆ, ಕತ್ತರಿಸುವ ಪುಡಿಂಗ್ ಸಿಗುವುದಿಲ್ಲ. ಪೊಟ್ಟಣದ ಮೇಲಿನ ‘92 ಖನಿಜ’ಗಳ ಹೊಗಳಿಕೆಯನ್ನು ಬದಿಗಿಡಿ. ಥೈರಾಯ್ಡ್ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನವೂ ಪಾಚಿ ಲೋಳೆ ಕುಡಿಯಬಾರದು, ಅಯೋಡಿನ್ ಪ್ರಮಾಣ ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುತ್ತದೆ. ತೂಕ ಇಳಿಸಲೆಂದು ಅಗರ್ ಪುಡಿಯನ್ನು ಒಣಗಿದ್ದ ಹಾಗೆಯೇ ಬಾಯಿಗೆ ಹಾಕಿಕೊಳ್ಳುವುದು ಇನ್ನೂ ಅಪಾಯ. ಗಂಟಲಲ್ಲೇ ನೀರು ಹೀರಿ ಊದಿಕೊಳ್ಳುತ್ತದೆ.

ಎಳೆ, ಪುಡಿ ಎರಡೂ ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಬಿಚ್ಚಿದ ಪೊಟ್ಟಣವನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ಎಳೆ ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತದೆ. ಬರೀ ಮೆತ್ತಗಾಗಿದ್ದರೆ ಒಂದು ಗಂಟೆ ಬಿಸಿಲಿಗಿಟ್ಟು ಬಳಸಬಹುದು, ಬೂಷ್ಟಿನ ಚುಕ್ಕಿ ಕಂಡರೆ ಎಸೆಯಿರಿ. ಮಾಡಿಟ್ಟ ಹಾಲಿನ ಪುಡಿಂಗ್‌ಗೆ ಫ್ರಿಜ್‌ನಲ್ಲಿ ಎರಡು ಮೂರು ದಿನ. ಅಗರ್ ಹಾಲನ್ನು ಗಟ್ಟಿ ಮಾಡುತ್ತದೆಯೇ ಹೊರತು ಕೆಡದಂತೆ ಕಾಯುವುದಿಲ್ಲ.